ಕಾರಿಗೊಂದು ಹಗ್ಗ

ನರಸಮ್ಮ: ಕೊಡಲ್ಲ ಅಂದ್ರೆ ಕೊಡಲ್ಲ. ಕಾರು ತಗೊಂಡೋಗಿ, ನಾನು ಬೇಡ ಅನ್ನಲ್ಲ. ಹಗ್ಗ ಮಾತ್ರ ಈ ಮನೆ ಬಿಟ್ಟು ಆಚೆ ಹೋಗಕೂಡ್ದು.

ಹರಿಪ್ರಸಾದ್: ಅಮ್ಮಾ, ಆಗ್ಲಿಂದ ನಾನೂ ಅದನ್ನೇ ಕೇಳ್ತಿದೀನಿ. ಕಾರಿಗೆ ಹಗ್ಗ ಎಲ್ಲಿರತ್ತೆ?

ನರಸಮ್ಮ: ಅದನ್ನ ನೀವು ಹೇಳ್ಬೇಕು. ಓದಿದೋರು ನೀವು.

ಹರಿಪ್ರಸಾದ್: ಮುನಿಕೃಷ್ಣಪ್ಪೋರೇ, ನೀವಾದ್ರೂ ಹೇಳಿ ಇವರಿಗೆ.

ಮುನಿಕೃಷ್ಣ: ನಾನೇನು ಹೇಳ್ಲಿ ಸಾರ್. ಯಜಮಾನಿ ಮಾತು. ನಂದೇನಿದ್ರೂ ಸ್ಪ್ಯಾನರ್ ಹಿಡಿಯೋದಷ್ಟೇ.

ಈ ಮಾತುಕತೆ ನಡೆಯುತ್ತಿದ್ದದ್ದು ಅನುಗೊಂಡನಹಳ್ಳಿಗೆ ಕೂಗಳತೆಯಲ್ಲಿದ್ದ ಮುನಿಕೃಷ್ಣನ ಮನೆಯ ದನದ ಕೊಟ್ಟಿಗೆಯಲ್ಲಿ. ಕೊಟ್ಟಿಗೆ ಎನ್ನುವುದು ಹೆಸರಿಗೆ ಮಾತ್ರ. ಎಂಟು ವರ್ಷದಿಂದ ಅಲ್ಲಿ ಒಂದು ಕರುವೂ ಕಾಲಿಟ್ಟಿಲ್ಲ. ಅಲ್ಲಿ ನಿಂತಿರುವುದು ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಕಡು ಹಸಿರು ಬಣ್ಣದ ಒಂದು ಹಳೆಯ ರೋಡ್‌ಸ್ಟರ್ ಕಾರು. ದೇವನಹಳ್ಳಿ ಕಡೆಯ ಒಂದು ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದ ಕಾಲದಲ್ಲಿ ಅದು ಮುನಿಕೃಷ್ಣನ ಕಣ್ಣಿಗೆ ಬಿತ್ತು. ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವನು, ಆಗಷ್ಟೇ ಕೆಲಸದಿಂದ ನಿವೃತ್ತನಾಗಿದ್ದ. ಕೈ ಸುಮ್ಮನಿರಬೇಕಲ್ಲ! ಕೋಳಿಗಳನ್ನು ಎಬ್ಬಿಸಿ ಕಾರನ್ನು ಎಳೆದು ತಂದ. ಅದಕ್ಕೆ ಜಾಗ ಬೇಕೆಂದು ಹೆಂಡತಿಯ ಎರಡು ಹಸುಗಳನ್ನು ಮಾರಿದ.

"ರಿಪೇರಿ ಮುಗಿದ ದಿನವೇ ಇದನ್ನ ಮಾರಿಬಿಟ್ಟು ನಿಂಗೆ ಹಸು ತಂದುಕೊಡ್ತೀನಿ" ಎಂದು ಅವಳ ತಲೆ ಮುಟ್ಟಿ ಹೇಳಿದ್ದ. ಅಂದಿನಿಂದ ರಿಪೇರಿ ಮುಗಿಯದಂತೆ ನೋಡಿಕೊಳ್ಳುವುದೇ ಅವನ ಮುಖ್ಯ ಕೆಲಸವಾಯಿತು. ಯಾವಾಗ ಕೇಳಿದರೂ ಇನ್ನೊಂದು ನಟ್ಟು ಬಾಕಿ. ಕಡೆಗೆ ನರಸಮ್ಮ ಒಂದು ದಿನ ಕೊಟ್ಟಿಗೆಗೆ ಬಂದು, ಆ ಬಾಕಿ ನಟ್ಟನ್ನು ಅವನ ಅಂಗಿ ಜೇಬಿನಿಂದಲೇ ಹೊರತೆಗೆದಳು. ಅಲ್ಲಿಗೆ ರಿಪೇರಿ ಮುಗಿಯಿತು. ತಂಗಿಯ ಮಗಳು ಹರ್ಷಿತಳನ್ನು ಕರೆಸಿ, ಫೋಟೋ ತೆಗೆಸಿ, ಫೋನಿನಲ್ಲಿ ಮಾರಾಟಕ್ಕೆ ಹಾಕಿಸಿದಳು. ಅದನ್ನು ಕಂಡು ಬೆಂಗಳೂರಿನಿಂದ ಆಟೋ ಹಿಡಿದು ಓಡಿ ಬಂದವರು ಈ ಹರಿಪ್ರಸಾದ್. ಹಳೇ ಕಾರಿನ ಹುಚ್ಚು ಹತ್ತಿದ ಮನುಷ್ಯ. ಕೈಗೆ ಬಿಳಿ ಗ್ಲೌಸು, ಜೇಬಿನಲ್ಲಿ ಅಯಸ್ಕಾಂತ. ಕಾರಿನ ಮೈಯೆಲ್ಲಾ ಅಯಸ್ಕಾಂತ ಆಡಿಸಿ, ತಗಡು ಅಸಲಿ, ಪುಟ್ಟಿ ಮೆತ್ತಿದ್ದಲ್ಲ ಎಂದು ಗೊತ್ತಾದಾಗ ಕಣ್ಣು ಒದ್ದೆ ಮಾಡಿಕೊಂಡಿದ್ದರು. ಬೆಲೆಯ ಮಾತು ಸುಸೂತ್ರವಾಗಿ ಮುಗಿದಿತ್ತು. ಕೈ ಕುಲುಕುವ ಹೊತ್ತಿಗೆ ನರಸಮ್ಮ ಹಗ್ಗದ ವಿಷಯ ತೆಗೆದಿದ್ದಳು.

ನರಸಮ್ಮ: ನೋಡಪ್ಪಾ, ನಮ್ಮ ಕಡೆ ಹಸು ಮಾರಿದ್ರೂ ಹಗ್ಗ ಮಾರಲ್ಲ. ತಗೊಳ್ಳೋರು ಅವರ ಹಗ್ಗ ಅವರೇ ತರ್ಬೇಕು. ನಮ್ಮದು ನಮ್ಮ ಗೂಟದಲ್ಲೇ ಇರ್ಬೇಕು. ಕೊಟ್ಬಿಟ್ರೆ ಮನೆ ಲಕ್ಷ್ಮಿ ಅದರ ಹಿಂದೇನೇ ಹೊರಟೋಗ್ತಾಳೆ.

ಹರಿಪ್ರಸಾದ್: ಅದು ಹಸು ವಿಚಾರ ಅಮ್ಮಾ.

ನರಸಮ್ಮ: ಕೊಟ್ಟಿಗೇಲಿ ನಿಂತಿದ್ದೆಲ್ಲಾ ಒಂದೇ. ಎಂಟು ವರ್ಷದ ಹಿಂದೆ ನಮ್ಮ ಕೆಂಪೀನ ಮಾರಿದಾಗ ಇವನು ಏನು ಮಾಡ್ದ ಕೇಳಿ.

ಮುನಿಕೃಷ್ಣ: ಈಗ್ಯಾಕೆ ಅದು?

ನರಸಮ್ಮ: ಹಗ್ಗದ ಸಮೇತ ಹೊಡೆದು ಕಳಿಸ್ದ! ಕಾರು ಬರ್ತಿದೆ ಅನ್ನೋ ಅವಸರ. ಅವತ್ತಿಂದ ಈ ಮನೆಗೆ ಒಂದು ಬಾಲ ಬಂದಿದ್ರೆ ಹೇಳು.

ಮುನಿಕೃಷ್ಣ: ಎಲ್ಲಿಂದ ಬರತ್ತೆ? ಜಾಗ ಇರ್ಲಿಲ್ಲ ಕಣೇ, ಕಾರಿತ್ತು.

ನರಸಮ್ಮ: ಕಾರು ಯಾಕೆ ಬಂದು ಕೂತ್ಕೊಂತು? ಹಗ್ಗ ಹೋಗಿತ್ತು, ಅದಕ್ಕೆ.

ಈ ವಾದಕ್ಕೆ ಹೈಕೋರ್ಟಿನಲ್ಲೂ ಉತ್ತರ ಸಿಗುವಂತಿರಲಿಲ್ಲ. ಹರಿಪ್ರಸಾದ್ ಗ್ಲೌಸು ಬಿಚ್ಚಿ ಹಣೆ ಒರೆಸಿಕೊಂಡರು.

ಹರಿಪ್ರಸಾದ್: ಸರಿ, ಒಂದು ಕೆಲಸ ಮಾಡಿ. ಕೀ ಇದ್ಯಲ್ಲ, ಅದರದ್ದೊಂದು ಡೂಪ್ಲಿಕೇಟ್ ಮಾಡಿಸಿ ಕೊಡ್ತೀನಿ. ಇಟ್ಕೊಳ್ಳಿ.

ನರಸಮ್ಮ: ಡೂಪ್ಲಿಕೇಟ್ ಹಗ್ಗ ಇಟ್ಕೊಂಡ್ರೆ ಡೂಪ್ಲಿಕೇಟ್ ಲಕ್ಷ್ಮಿ ಉಳ್ಕೋತಾಳೆ. ಅಸಲಿ ಕೊಡ್ತೀರಾ?

ಹರಿಪ್ರಸಾದ್: ಅಯ್ಯೋ, ಅಸಲಿ ಕೀ ಕೊಟ್ರೆ ಕಾರಿನ ಬೆಲೆನೇ ಹೋಯ್ತು! ಇದರಲ್ಲಿ ಹುಟ್ಟಿದಾಗಿಂದ ಇರೋ ಪಾರ್ಟು ಹಂಗಂಗೇ ಇದೆ. ಅದಕ್ಕೇ ಅಲ್ವಾ ನಾನು ಬಂದಿದ್ದು. ಒಂದು ಬೋಲ್ಟ್ ಬೇರೆ ಆದ್ರೂ ನಮ್ಮ ಕ್ಲಬ್ಬಲ್ಲಿ ಮುಖ ಎತ್ತಕ್ಕಾಗಲ್ಲ ಅಮ್ಮಾ.

ನರಸಮ್ಮ: ಹೋಗ್ಲಿ ಬಿಡಿ, ಕೀಲಿಕೈ ಹಗ್ಗ ಅಲ್ಲ. ಅದು ಬಾಗಿಲ ಚಿಲಕ ಇದ್ದಂಗೆ.

ಹರಿಪ್ರಸಾದ್: ಹಾರ್ನ್?

ನರಸಮ್ಮ: ಅದು ಕೊರಳ ಗಂಟೆ. ಗಂಟೆ ಬೇಕಾದ್ರೆ ಜೊತೇಲಿ ಕೊಡ್ಬೋದು.

ಹರಿಪ್ರಸಾದ್: ಫ್ಯಾನ್ ಬೆಲ್ಟ್! ಹಳೇ ಫ್ಯಾನ್ ಬೆಲ್ಟ್ ಒಂದು ಮೂಲೇಲಿ ಬಿದ್ದಿದೆ ನೋಡಿ. ನೋಡಕ್ಕೂ ಹಗ್ಗದ ಥರಾನೇ ಇದೆ.

ನರಸಮ್ಮ: ಅದು ಎಲ್ಲಿರತ್ತೆ?

ಹರಿಪ್ರಸಾದ್: ಬಾನೆಟ್ ಒಳಗೆ. ಇಂಜಿನ್ ಹತ್ರ.

ನರಸಮ್ಮ: ಹೊಟ್ಟೆ ಒಳಗಿರೋದು ಹಗ್ಗ ಹೆಂಗಾಗತ್ತಪ್ಪಾ? ಅದು ಕರುಳು.

ಮುನಿಕೃಷ್ಣ ಇಷ್ಟು ಹೊತ್ತು ಮುಖ ಬಾಡಿಸಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ಕಾರು ಮಾರಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಆ ಕಾರಿನ ಒಂದೊಂದು ತಿರುಪೂ ಅವನ ಕೈಯ ಬಿಸಿ ಕಂಡಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸದಿದ್ದರೆ ಅವನಿಗೆ ದಿನ ಶುರುವಾದಂತೆಯೇ ಅಲ್ಲ. ಆದರೆ ಹೆಂಡತಿಯ ತಲೆ ಮುಟ್ಟಿ ಆಡಿದ ಮಾತು; ಬಾಯಿಬಿಟ್ಟು ಬೇಡ ಎನ್ನುವಂತಿಲ್ಲ. ಈಗ ಹೆಂಡತಿಯೇ ಕಟ್ಟಳೆಯ ಮಾತು ತೆಗೆದಿದ್ದಾಳೆ, ಕೊಳ್ಳುವವರೇ ಒಂದು ಬೋಲ್ಟೂ ಬಿಡುವುದಿಲ್ಲ ಎನ್ನುತ್ತಿದ್ದಾರೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಜನ್ಮದಲ್ಲಿ ಒಂದು ದಿನ ಗುಡಿಯ ಮೆಟ್ಟಿಲು ತುಳಿಯದ ಮುನಿಕೃಷ್ಣ, ಮೈಯೆಲ್ಲಾ ಭಕ್ತಿ ತುಂಬಿಕೊಂಡು ಮುಂದೆ ಬಂದ.

ಮುನಿಕೃಷ್ಣ: ಸಾರ್, ಹಿರೀಕರು ಮಾಡಿದ್ದನ್ನ ಹಂಗೆಲ್ಲಾ ತಳ್ಳಿಹಾಕೋಕ್ಕಾಗಲ್ಲ. ಅದಕ್ಕೊಂದು ಅರ್ಥ ಇರತ್ತೆ.

ನರಸಮ್ಮ: ಏನಿವತ್ತು? ಜ್ವರಗಿರ ಬಂದಿದ್ಯಾ ನಿಂಗೆ?

ಮುನಿಕೃಷ್ಣ: ನಿನ್ನ ಮಾತನ್ನೇ ಹೇಳ್ತಿರೋದು ಕಣೇ. ಹಗ್ಗ ಅಂದ್ರೇನು? ಎಡಕ್ಕೆಳೆದ್ರೆ ಹಸು ಎಡಕ್ಕೆ ಬರತ್ತೆ, ಬಲಕ್ಕೆಳೆದ್ರೆ ಬಲಕ್ಕೆ. ಅಲ್ವಾ?

ನರಸಮ್ಮ: ಹೌದು.

ಮುನಿಕೃಷ್ಣ: ಕಾರಲ್ಲಿ ಆ ಕೆಲಸ ಮಾಡೋದು ಯಾವುದು?

ನರಸಮ್ಮ: ಯಾವುದು?

ಮುನಿಕೃಷ್ಣ: ಸ್ಟೀರಿಂಗು.

ಹರಿಪ್ರಸಾದ್ ಎದೆ ಹಿಡಿದುಕೊಂಡರು.

ಹರಿಪ್ರಸಾದ್: ಸ್ಟೀರಿಂಗಾ! ಸ್ವಾಮೀ, ಕಾರಲ್ಲಿ ಸ್ಟೀರಿಂಗ್ ಬಿಟ್ಟು ಇನ್ನೇನು ಉಳಿಯತ್ತೆ?

ಮುನಿಕೃಷ್ಣ: ಬೇಜಾರು ಮಾಡ್ಕೋಬೇಡಿ ಸಾರ್. ದೇವರ ವಿಚಾರ.

ನರಸಮ್ಮ: ಇವನು ಹೇಳೋದು ಸರಿ ಕಣಪ್ಪಾ. ಮೂವತ್ತೈದು ವರ್ಷಕ್ಕೆ ಒಂದ್ಸಲ ಸರಿಯಾಗಿ ಹೇಳಿದಾನೆ. ಸ್ಟೀರಿಂಗೇ ಹಗ್ಗ. ಬಿಚ್ಚಿಕೊಡು.

ಒಂದು ನಟ್ಟು ಬಿಗಿಯಲು ವರ್ಷಗಟ್ಟಲೆ ತೆಗೆದುಕೊಂಡಿದ್ದ ಮನುಷ್ಯ, ಕಣ್ಣು ಮಿಟುಕಿಸುವುದರಲ್ಲಿ ಸ್ಟೀರಿಂಗ್ ಚಕ್ರ ಕಳಚಿ ಹೆಂಡತಿಯ ಕೈಗಿತ್ತ. ನರಸಮ್ಮ ಅದನ್ನು ಸೆರಗಿನಿಂದ ಒರೆಸಿ, ಹಿಂದೆ ಕೆಂಪಿಯನ್ನು ಕಟ್ಟುತ್ತಿದ್ದ ಗೋಡೆಯ ಗೂಟಕ್ಕೆ ನೇತುಹಾಕಿದಳು. ಸ್ಟೀರಿಂಗ್ ಇಲ್ಲದ ಕಾರು ಹಲ್ಲು ಕಿತ್ತ ಮುದುಕನಂತೆ ಬಾಯಿ ತೆರೆದುಕೊಂಡು ನಿಂತಿತು.

ಹರಿಪ್ರಸಾದ್: ಇಲ್ಲ ಅಮ್ಮಾ. ಇದಾಗಲ್ಲ. ಈ ಕಾರಿಗೆ ಆ ಸ್ಟೀರಿಂಗ್ ಹುಟ್ಟುತ್ಲೇ ಬಂದಿದ್ದು. ಅಣ್ಣ ತಮ್ಮನ್ನ ಬೇರೆ ಮಾಡಿದ ಪಾಪ ನಂಗೆ ಬೇಡ. ನಾನು ಹೊರಡ್ತೀನಿ.

ಮುನಿಕೃಷ್ಣ: ಛೇ ಛೇ, ಎಂಥಾ ಕೆಲಸ ಆಗೋಯ್ತು. ಕಾಫಿನಾದ್ರೂ ಕುಡ್ಕೊಂಡೋಗಿ ಸಾರ್. ಬೇಡ್ವಾ? ಸರಿ ಹಂಗಾದ್ರೆ. ಬಿಸಿಲು ಏರೋ ಮುಂಚೆ ಹೊರಟ್ಬಿಡಿ. ಆಟೋ ಕರೀಲಾ?

ನರಸಮ್ಮ: ಏನು ಹಂಗೆ ಓಡಿಸ್ತಿದೀಯಾ ಅವರನ್ನ?

ಮುನಿಕೃಷ್ಣನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಹರಿಪ್ರಸಾದ್ ಗೇಟಿನವರೆಗೂ ಹೋದರು. ಅಲ್ಲಿ ನಿಂತರು. ತಿರುಗಿ ನೋಡಿದರು. ಹೋಗುವಾಗ ಹಿಂತಿರುಗಿ ನೋಡಿದವನು ಕೊಂಡೇ ಹೋಗುತ್ತಾನೆ ಎಂಬುದು ದನದ ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ. ಅವರು ನಿಧಾನವಾಗಿ ವಾಪಸು ಬಂದು ಹಸಿರು ಬಾನೆಟ್ಟಿನ ಮೇಲೆ ಬರಿಗೈ ಇಟ್ಟರು.

ಹರಿಪ್ರಸಾದ್: ಆಯ್ತಮ್ಮಾ. ಇಟ್ಕೊಳ್ಳಿ.

ಮುನಿಕೃಷ್ಣ: ಏನಂದ್ರಿ?

ಹರಿಪ್ರಸಾದ್: ಸ್ಟೀರಿಂಗ್ ಇಟ್ಕೊಳ್ಳಿ. ಇಂಗ್ಲೆಂಡಲ್ಲಿ ನಮ್ಮ ಸ್ನೇಹಿತರೊಬ್ಬರಿದಾರೆ, ಹುಡುಕಿಸ್ತೀನಿ. ಒಂದ್ವರ್ಷ ಆಗ್ಲಿ, ಎರಡ್ವರ್ಷ ಆಗ್ಲಿ. ಕ್ಲಬ್ಬಲ್ಲಿ ನಗ್ಲಿ. ಈ ಕಾರನ್ನ ಬಿಟ್ಟು ಹೋಗಕ್ಕೆ ನನ್ನ ಕಾಲು ಬರ್ತಿಲ್ಲ. ಲಾರಿ ಕರೆಸ್ತೀನಿ, ಹೇರ್ಕೊಂಡು ಹೋಗ್ತೀನಿ.

ನರಸಮ್ಮ: ಬಂಗಾರದಂಥ ಮನುಷ್ಯ! ನೋಡಿದ್ಯಾ?

ಮುನಿಕೃಷ್ಣನ ಮುಖ ಸುಣ್ಣವಾಯಿತು. ಇನ್ನು ಉಳಿದಿದ್ದ ದಾರಿ ಒಂದೇ, ಈ ಮನುಷ್ಯನನ್ನು ಹೇಗಾದರೂ ಹೆದರಿಸುವುದು. ಅವನು ಧ್ವನಿ ತಗ್ಗಿಸಿ, ಹರಿಪ್ರಸಾದರ ಕಿವಿಯ ಹತ್ತಿರ ಹೋದ. ಗುಟ್ಟು ಹೇಳುವವನಿಗೆ ಹೆಂಡತಿಯ ಕಿವಿ ಎಷ್ಟು ಚುರುಕೆಂಬುದು ಇಷ್ಟು ವರ್ಷದ ಸಂಸಾರದ ಮೇಲೂ ನೆನಪಿರಲಿಲ್ಲ.

ಮುನಿಕೃಷ್ಣ: ಸಾರ್, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಹಗ್ಗ ಇಲ್ಲದ್ದನ್ನ ತಗೊಂಡೋಗ್ಬೇಡಿ. ಅದು ನಿಮ್ಮನೇಲಿ ನಿಲ್ಲಲ್ಲ.

ಹರಿಪ್ರಸಾದ್: ನಿಲ್ಲಲ್ಲ ಅಂದ್ರೆ?

ಮುನಿಕೃಷ್ಣ: ಅದರ ಜೀವ ಎಲ್ಲಾ ಇಲ್ಲೇ, ಈ ಗೂಟದಲ್ಲೇ ಇರತ್ತೆ. ಈ ಕಟ್ಟಳೆ ಯಾಕೆ ಮಾಡಿದಾರೆ ಅನ್ಕೊಂಡ್ರಿ? ಹಗ್ಗ ಯಾರ ಮನೇಲಿ ಉಳಿಯತ್ತೋ, ಅದೇ ಜಾತಿದು ಇನ್ನೊಂದು ಹುಡುಕ್ಕೊಂಡು ಅವರ ಮನೆಗೇ ಬಂದು ಸೇರ್ಕೊಳತ್ತೆ. ಸುಳ್ಳಲ್ಲ ಸಾರ್, ನಮ್ಮಪ್ಪ ಹೇಳ್ತಿದ್ರು.

ನರಸಮ್ಮ: ಏನಂದೆ?

ಮುನಿಕೃಷ್ಣ: ಏನಿಲ್ಲ.

ನರಸಮ್ಮ: ಯಾವ ಜಾತಿದು ಬರತ್ತೆ ಅಂದೆ?

ಮುನಿಕೃಷ್ಣ: ನಿಂಗೂ ಗೊತ್ತಲ್ಲ. ಹಸು ಹಗ್ಗ ಇದ್ರೆ ಹಸು...

ನರಸಮ್ಮ: ಕಾರಿನ ಹಗ್ಗ ಇದ್ರೆ?

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನರಸಮ್ಮ ಗೂಟವನ್ನು ನೋಡಿದಳು. ಅಲ್ಲಿ ಸ್ಟೀರಿಂಗ್ ಚಕ್ರ ನಿಶ್ಚಿಂತೆಯಾಗಿ ನೇತಾಡುತ್ತಿತ್ತು. ಅವಳ ಕಣ್ಣ ಮುಂದೆ ಇನ್ನೊಂದು ತುಕ್ಕು ಹಿಡಿದ ಕಾರು, ಅದರ ಸೀಟಿನ ಮೇಲೆ ಇನ್ನಷ್ಟು ಕೋಳಿ, ಗಂಡನ ಜೇಬಿನಲ್ಲಿ ಇನ್ನೊಂದು ಬಾಕಿ ನಟ್ಟು, ಎಲ್ಲವೂ ಸಾಲಾಗಿ ಬಂದು ನಿಂತವು.

ನರಸಮ್ಮ: ಅಯ್ಯಯ್ಯೋ! ಇಳಿಸೋ ಅದನ್ನ! ಇಳಿಸು ಮೊದ್ಲು!

ಮುನಿಕೃಷ್ಣ: ಯಾಕೇ? ಲಕ್ಷ್ಮಿ...

ನರಸಮ್ಮ: ಲಕ್ಷ್ಮಿ ಬೆಂಗಳೂರು ನೋಡ್ಕೊಂಡು ಬರ್ಲಿ! ಏ ಅಪ್ಪಾ, ಹರಿಪ್ರಸಾದಪ್ಪಾ, ತಗೊಂಡೋಗು. ಹಗ್ಗ, ಗಂಟೆ, ಕರುಳು, ಏನೇನಿದ್ಯೋ ಎಲ್ಲಾ ತಗೊಂಡೋಗು. ಆ ಹಳೇ ಬೆಲ್ಟೂ ತಗೋ. ಒಂದು ಕಸ ಇಲ್ಲಿರಕೂಡ್ದು.

ಹರಿಪ್ರಸಾದ್: ನಿಜವಾಗ್ಲೂನಾ ಅಮ್ಮಾ? ನಂಗೆ ಮಾತೇ ಬರ್ತಿಲ್ಲ... ಒಂದ್ನಿಮಿಷ. ಹಂಗಾದ್ರೆ ಆ ಇನ್ನೊಂದು ಕಾರು ನಮ್ಮನೆಗೆ ಬರತ್ತಾ?

ನರಸಮ್ಮ: ಬಂದ್ರೆ ಬರ್ಲಿ, ನಿಮಗೆ ಇಷ್ಟ ತಾನೆ?

ಹರಿಪ್ರಸಾದ್: ನಂಗೆ ಇಷ್ಟ. ಈಗ್ಲೇ ಮೂರಿವೆ ಅಮ್ಮಾ. ಇದು ನಾಲ್ಕನೇದು. ಐದನೇದು ಬಂತು ಅಂದ್ರೆ ನನ್ನ ಹೆಂಡತಿ ಕಾರನ್ನ ಒಳಗಿಟ್ಟು ನನ್ನನ್ನ ಆಚೆ ಕಟ್ತಾಳೆ.

ನರಸಮ್ಮ: ಅವಳಿಗೂ ಒಂದು ಗೂಟ ಇರ್ಲಿ ಬಿಡಿ. ಏಯ್, ನಿಂತ್ಕೊಂಡು ಏನು ನೋಡ್ತಿದೀಯ? ಬಿಗಿ ಅದನ್ನ.

ಮುನಿಕೃಷ್ಣ ಸ್ಟೀರಿಂಗ್ ಬಿಗಿಯಲು ಕುಳಿತ. ಕಳಚುವಾಗಿನ ಚುರುಕು ಈಗ ಕೈಯಲ್ಲಿರಲಿಲ್ಲ. ಒಂದು ಸುತ್ತು ತಿರುಗಿಸುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಇನ್ನೊಂದು ಸುತ್ತು ತಿರುಗಿಸುತ್ತಾನೆ, ಸ್ಪ್ಯಾನರ್ ಎಲ್ಲಿ ಎಂದು ಹುಡುಕುತ್ತಾನೆ. ಸ್ಪ್ಯಾನರ್ ಅವನ ಕೈಯಲ್ಲೇ ಇರುತ್ತದೆ. ನರಸಮ್ಮ ಸೊಂಟಕ್ಕೆ ಕೈಯಿಟ್ಟು ತಲೆಯ ಮೇಲೇ ನಿಂತಿದ್ದಳು.

ನರಸಮ್ಮ: ನಟ್ಟು ಎಲ್ಲಾ ಆಯ್ತಾ? ಜೇಬು ತೋರ್ಸು.

ಮುನಿಕೃಷ್ಣ: ಇಲ್ಲ ಕಣೇ. ಖಾಲಿ.

ನರಸಮ್ಮ: ಪ್ಯಾಂಟಿಂದು?

ಮುನಿಕೃಷ್ಣ: ಅದೂ ಖಾಲಿ.

ಆಮೇಲೆ ಪೂಜೆಯಾಯಿತು. ಮನೆಯಿಂದ ಹಸು ಹೊರಡುವಾಗ ಹೇಗೋ ಹಾಗೆಯೇ ನರಸಮ್ಮ ಅರಿಶಿನ ಕುಂಕುಮದ ಬಟ್ಟಲು ತಂದು ನಾಲ್ಕೂ ಚಕ್ರಗಳಿಗೆ ಒಂದೊಂದಾಗಿ ಬಗ್ಗಿ ಕುಂಕುಮವಿಟ್ಟಳು. ಹರಿಪ್ರಸಾದ್ ಪೇಂಟಿಗೆ ಹತ್ತೀತು ಎಂದು ಒಂದು ಸಲ ಬಾಯಿ ತೆರೆದರು, ಅವಳ ಮುಖ ನೋಡಿ ಮುಚ್ಚಿಕೊಂಡರು. ಗಾಳಿ ನೋಡುವ ನೆಪದಲ್ಲಿ ಮುನಿಕೃಷ್ಣನೂ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಟೈರಿಗೆ ಗಾಳಿ ತುಂಬುವ ಮೂತಿಯ ಮೇಲೆ ಅವರೆಕಾಳಿನಷ್ಟು ದಪ್ಪದ ಒಂದು ಹಿತ್ತಾಳೆ ಮುಚ್ಚಳವಿರುತ್ತದೆ. ಕೋಳಿ ಹಿಕ್ಕೆಯಿಂದ ಬಿಡಿಸಿ, ಹುಣಸೆಹಣ್ಣು ಹಚ್ಚಿ ಅವನೇ ಬೆಳಗಿದ್ದು. ಅತ್ತಿತ್ತ ನೋಡಿದ. ಯಾರೂ ನೋಡುತ್ತಿರಲಿಲ್ಲ. ಎರಡು ಬೆರಳಿನಲ್ಲಿ ತಿರುಗಿಸಿ ಅಂಗೈಯೊಳಗೆ ಮುಚ್ಚಿಕೊಂಡ. ಮನಸ್ಸಿಗೆ ಅಷ್ಟಾದರೂ ಆಸರೆ ಬೇಕಿತ್ತು. ದೇವರನ್ನು ನಂಬದಿದ್ದರೂ ಹಗ್ಗವನ್ನು ನಂಬಲು ಅವನಿಗೇನೂ ಅಡ್ಡಿಯಿರಲಿಲ್ಲ.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಹರಿಪ್ರಸಾದ್ ಕೈ ಬೀಸುತ್ತಾ, ರಾಗಿ ಹೊಲಗಳ ನಡುವಿನ ದಾರಿಯಲ್ಲಿ ಹೊಸಕೋಟೆಯತ್ತ ಹೋದರು. ಸದ್ದು ಅಡಗುವವರೆಗೂ ಗಂಡ ಹೆಂಡತಿ ಗೇಟಿನಲ್ಲೇ ನಿಂತಿದ್ದರು. ಮುನಿಕೃಷ್ಣನಿಗೆ ಅಳು ಬಂದಿತ್ತು. ಅಳಲಿಲ್ಲ, ಅಷ್ಟೇ.

ನರಸಮ್ಮ: ಬಾ, ಊಟ ಮಾಡು. ಅವರೇಕಾಳು ಸಾರಿದೆ.

ಮುನಿಕೃಷ್ಣ: ಹಸಿವಿಲ್ಲ.

ನರಸಮ್ಮ: ಮುದ್ದೆ ಆರೋಗತ್ತೆ.

ಮುನಿಕೃಷ್ಣ: ಆರ್ಲಿ.

ಖಾಲಿ ಕೊಟ್ಟಿಗೆಯ ಹೊಸಲಿನ ಮೇಲೆ ಇಬ್ಬರೂ ಕುಳಿತರು. ನೆಲದ ಮೇಲೆ ಕಾರಿನ ಎಣ್ಣೆಯ ಕಲೆ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಮುನಿಕೃಷ್ಣನ ಫೋನ್ ಬಡಿದುಕೊಂಡಿತು.

ಹರಿಪ್ರಸಾದ್: ಮುನಿಕೃಷ್ಣಪ್ಪೋರೇ, ಹೊಸಕೋಟೆ ಹತ್ರ ಟೀಗೆ ನಿಲ್ಸಿದೀನಿ. ಏನು ಗಾಡಿ ಸ್ವಾಮೀ, ಬೆಣ್ಣೆ ಥರ ಬಂತು! ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು. ಆದ್ರೆ ಒಂದು ವಿಷ್ಯ. ಟೈರಿನ ಹಿತ್ತಾಳೆ ಮುಚ್ಚಳ ಕಾಣ್ತಿಲ್ಲ.

ಮುನಿಕೃಷ್ಣ: ದಾರೀಲಿ ಉದುರಿರ್ಬೇಕು ಸಾರ್. ನಮ್ಮ ರಸ್ತೆ ಗುಂಡಿ ನಿಮಗೇ ಗೊತ್ತಲ್ಲ.

ಹರಿಪ್ರಸಾದ್: ಒಂದಾಗಿದ್ರೆ ನಾನೂ ಹಂಗೇ ಅನ್ಕೋತಿದ್ದೆ. ಎರಡಿಲ್ಲ.

ಮುನಿಕೃಷ್ಣ: ಎರಡಾ?

ಹರಿಪ್ರಸಾದ್: ಹಿಂದಿನ ಬಲಗಡೇದು, ಮುಂದಿನ ಎಡಗಡೇದು.

ಮುನಿಕೃಷ್ಣ: ಹುಡುಕಿ ಹೇಳ್ತೀನಿ ಸಾರ್.

ಫೋನ್ ಇಟ್ಟ. ಹಿಂದಿನ ಬಲಗಡೆಯದು ಅವನ ಮುಷ್ಟಿಯಲ್ಲೇ ಬೆವರುತ್ತಿತ್ತು. ನಿಧಾನವಾಗಿ ತಿರುಗಿ ಹೆಂಡತಿಯನ್ನು ನೋಡಿದ. ನರಸಮ್ಮ ತೊಲೆಯಲ್ಲಿ ಏನೋ ಜೇಡರಬಲೆ ಇದೆ ಎನ್ನುವಂತೆ ಮೇಲೆ ನೋಡುತ್ತಿದ್ದಳು.

ಮುನಿಕೃಷ್ಣ: ನರ್ಸೀ.

ನರಸಮ್ಮ: ಏನು?

ಮುನಿಕೃಷ್ಣ: ಸೆರಗಿನ ತುದೀಲಿ ಏನು ಗಂಟು?

ನರಸಮ್ಮ: ಎಲೆಅಡಿಕೆ.

ಮುನಿಕೃಷ್ಣ: ನೀನು ಎಲೆಅಡಿಕೆ ಬಿಟ್ಟು ಹತ್ತು ವರ್ಷ ಆಯ್ತು.

ನರಸಮ್ಮ ಗಂಟು ಬಿಚ್ಚಿದಳು. ಕುಂಕುಮ ಮೆತ್ತಿದ ಹಿತ್ತಾಳೆ ಮುಚ್ಚಳವೊಂದು ಅವಳ ಅಂಗೈಗೆ ಉರುಳಿತು.

ನರಸಮ್ಮ: ಹಂಗೆ ನೋಡ್ಬೇಡ. ಕುಂಕುಮ ಇಡ್ತಾ ನಿನ್ನ ಮುಖ ನೋಡ್ದೆ, ತಡೆಯಕ್ಕಾಗ್ಲಿಲ್ಲ. ಸ್ಟೀರಿಂಗ್ ಇಟ್ಕೊಂಡ್ರೆ ದೊಡ್ಡದು ಬಂದ್ಬಿಡತ್ತೆ. ಇಷ್ಟು ಚಿಕ್ಕದಿಟ್ಕೊಂಡ್ರೆ ಯಾವುದಾದ್ರೂ ಚಿಕ್ಕದು ಬರತ್ತೆ. ಸ್ಕೂಟರೋ ಗೀಟರೋ. ಮೂಲೇಲಿ ಇಟ್ಕೊಂಡು ಬಿಚ್ಚೋದು ಕಟ್ಟೋದು ಮಾಡ್ಕೊಂಡಿರ್ತೀಯ, ಪಕ್ಕದಲ್ಲಿ ನನ್ನ ಹಸುವೂ ಇರತ್ತೆ ಅಂತ.

ಮುನಿಕೃಷ್ಣ ತನ್ನ ಮುಷ್ಟಿ ಬಿಚ್ಚಿ ಅವಳ ಅಂಗೈ ಪಕ್ಕಕ್ಕೆ ಹಿಡಿದ. ನರಸಮ್ಮ ಒಂದು ಮುಚ್ಚಳ ನೋಡಿದಳು, ಇನ್ನೊಂದು ನೋಡಿದಳು, ಎದೆಗೆ ಕೈ ಬಡಿದುಕೊಂಡಳು.

ನರಸಮ್ಮ: ಅಯ್ಯೋ ನಿನ್ನ ಮನೆ ಕಾಯ್ವಾಗ! ಎರಡು ಹಗ್ಗ! ಎರಡು ಬಂದ್ಬಿಟ್ರೆ ನನ್ನ ಹಸು ಎಲ್ಲಿ ಕಟ್ಲಿ? ಈಗ್ಲೇ ಹೋಗಿ ಒಂದನ್ನ ಆ ಮನುಷ್ಯನಿಗೆ ವಾಪಸ್ ಕೊಟ್ಬಿಟ್ಟು ಬಾ.

ಮುನಿಕೃಷ್ಣ: ಯಾವುದನ್ನ?

ನರಸಮ್ಮ: ನಿಂದನ್ನ! ನಾನು ದೇವರನ್ನ ಕೇಳಿ ತಗೊಂಡಿದ್ದು. ನೀನು ಕದ್ದಿದ್ದು.